ಬಟ್ಟೆಯ ಮೇಲೆ ಉಳಿದದ್ದು

ಅವರು ನೀರು ಕುಡಿಯುವುದನ್ನು ನೋಡುತ್ತ ಕೂತವರಿಗೆ ತಮ್ಮ ಬಾಯಾರಿಕೆಯೇ ಮರೆತುಹೋಗಬೇಕು, ಅಷ್ಟು ನಿಧಾನ. ಸ್ಟಾಫ್ ರೂಮಿನ ಮೂಲೆಯಲ್ಲಿ ಅವರದೊಂದು ಹಿತ್ತಾಳೆ ತಂಬಿಗೆ ಇರುತ್ತಿತ್ತು. ಅದರ ಬಾಯಿಗೆ ಎರಡು ಮಡಿಕೆಯ ದಪ್ಪ ಬಿಳಿ ಬಟ್ಟೆ. ನಳದ ನೀರನ್ನು ಸಣ್ಣ ಧಾರೆಯಾಗಿ ಹೊಯ್ದು, ಅದು ಇಳಿಯುವವರೆಗೆ ನಿಂತು, ಆಮೇಲೆ ಬಟ್ಟೆಯನ್ನು ಮೆಲ್ಲಗೆ ತಿರುವಿ, ಸೋಸಿದ ನೀರನ್ನೇ ಅದರ ಮೇಲೆ ಹೊಯ್ದು ಬೇರೊಂದು ಲೋಟದಲ್ಲಿ ಹಿಡಿಯುವರು. ಇಷ್ಟೆಲ್ಲ ಆದ ಮೇಲೆ ಒಂದು ಗುಟುಕು. ಅಷ್ಟರಲ್ಲಿ ನಾವು ಬಾಟಲಿ ಎತ್ತಿ ಗಟಗಟ ಕುಡಿದು ಕ್ಲಾಸಿಗೆ ಹೋಗಿರುತ್ತಿದ್ದೆವು.

ಹುಕ್ಕೇರಿ ತಾಲೂಕಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಅವರು ಕಂಪ್ಯೂಟರ್ ವಿಭಾಗದ ಹಿರಿಯರು, ನಾನು ಅವರ ಕೈಕೆಳಗೆ ಸೇರಿದವಳು. ಮೇಡಂ ಎಂದರೆ ನಮ್ಮಲ್ಲಿ ಅವರೊಬ್ಬರೇ, ಉಳಿದ ನಾವೆಲ್ಲ ಹೆಸರಿನ ಮುಂದೆ ಮೇಡಂ ಅಂಟಿಸಿಕೊಂಡವರು. ನಿವೃತ್ತರಾಗಿ ಹುಕ್ಕೇರಿಯ ಮನೆಯಲ್ಲಿದ್ದರು, ಈ ಬೇಸಿಗೆಯಲ್ಲಿ ಜ್ವರ ಬಂದು ತೀರಿಕೊಂಡರು. ಕಾಲೇಜಿನ ಸಂಚಿಕೆಗೆ ಅವರ ಬಗ್ಗೆ ಬರೆದುಕೊಡಿ ಎಂದು ನನ್ನನ್ನು ಕೇಳಿದ್ದಾರೆ. ತಮ್ಮ ಹೆಸರು ಅಚ್ಚಾಗುವುದು ಅವರಿಗೆ ಸೇರುತ್ತಿರಲಿಲ್ಲ, ಹಾಗಾಗಿ ಹೆಸರು ಬರೆಯುವುದಿಲ್ಲ. ಮೊನ್ನೆಯೇ ಬರೆಯಲು ಕೂತೆ. ಕೂತಾಗಿನಿಂದ ಮಳೆ ಹಿಡಿದಿದೆ, ನನಗೆ ಕೈ ಓಡುತ್ತಿಲ್ಲ. ಯಾಕೆ ಓಡುತ್ತಿಲ್ಲ ಎಂಬುದೂ ಅವರ ಕತೆಯಲ್ಲೇ ಬರುತ್ತದೆ.

ಅವರದು ಹುಕ್ಕೇರಿಯ ಹಳೆಯ ಜೈನ ಮನೆತನ. ಮನೆಯಲ್ಲಿ ಅರ್ಧ ಕನ್ನಡ, ಅರ್ಧ ಮರಾಠಿ. ಹಿತ್ತಲಲ್ಲಿ ಬಾವಿ. ಸೂರ್ಯ ಮುಳುಗುವ ಮೊದಲು ಊಟ ಮುಗಿಯಬೇಕು, ಕುಡಿಯುವ ನೀರು ಸೋಸಿದ್ದಾಗಬೇಕು. ಇಷ್ಟು ಎಲ್ಲರಿಗೂ ಗೊತ್ತಿರುವುದೇ. ಆದರೆ ಸೋಸಿದ ಮೇಲಿನ ಕೆಲಸ ನನಗೆ ಗೊತ್ತಿರಲಿಲ್ಲ. ಬಟ್ಟೆಯ ಮೇಲೆ ಉಳಿದದ್ದರಲ್ಲಿ ಕಣ್ಣಿಗೆ ಕಾಣದ ಜೀವಗಳಿರುತ್ತವೆ ಎಂದು ಅವರ ನಂಬಿಕೆ. ಅವನ್ನು ಝಾಡಿಸಿ ಚೆಲ್ಲುವಂತಿಲ್ಲ. ಸೋಸಿದ ನೀರಿನಿಂದ ತೊಳೆದು, ಯಾವ ಬಾವಿಯಿಂದ ಬಂದವೋ ಅದೇ ಬಾವಿಗೆ ಮೆಲ್ಲಗೆ ಇಳಿಸಿ ಬಿಡಬೇಕು. ಮೇಲಿಂದ ಸುರಿದರೂ ತಪ್ಪು, ಬೇರೆ ಬಾವಿಗೆ ಬಿಟ್ಟರೂ ತಪ್ಪು.

"ನಳದ ನೀರಿಂದ ಏನ ಮಾಡ್ತೀರಿ ಮೇಡಂ?" ಎಂದು ನಾನೊಮ್ಮೆ ಚೇಷ್ಟೆಗೆ ಕೇಳಿದೆ. "ಅವನ್ನ ಹೊಳಿತನಕ ಹೊತ್ತಕೊಂಡ ಹೋಗ್ತೀರೇನು?"

ಅವರು ನಗಲಿಲ್ಲ. "ಅದ ನನಗೂ ತಿಳೀವಲ್ದು" ಎಂದರು. "ಎಲ್ಲಿಂದ ಬಂದಾವ ಅನ್ನೂದ ಗೊತ್ತಿಲ್ಲಂದ್ರ ಎಲ್ಲಿ ಬಿಡೂದು?" ಲೋಟದ ನೀರನ್ನು ಆವರಣದ ತೊಟ್ಟಿಗೆ ಬಿಟ್ಟು ಬರುತ್ತಿದ್ದರು. ಬಂದ ಮೇಲೂ ಮುಖದ ಮೇಲೆ ಸಮಾಧಾನ ಇರುತ್ತಿರಲಿಲ್ಲ.

ಈ ಬಟ್ಟೆಯೇ ಅವರ ಪಾಠವೂ ಆಗಿತ್ತು. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪಟ್ಟಿಯೊಳಗೆ ಪಟ್ಟಿ ಇಡಬಹುದು. ಹೊರಗೊಂದು ದೊಡ್ಡ ಪಟ್ಟಿ, ಅದರೊಳಗೆ ಸಣ್ಣ ಸಣ್ಣ ಪಟ್ಟಿಗಳು, ಅವುಗಳೊಳಗೆ ಅಂಕಿಗಳು. ಒಂದು ಕೆಳಮಿತಿ, ಒಂದು ಮೇಲ್ಮಿತಿ ಕೊಟ್ಟು, ಅವುಗಳ ನಡುವಿನ ಅಂಕಿಗಳನ್ನಷ್ಟೇ ಉಳಿಸು ಎನ್ನುವುದು ಎರಡನೆಯ ವರ್ಷದ ಹುಡುಗರಿಗೆ ಕೊಡುವ ಸಾಮಾನ್ಯ ಲೆಕ್ಕ. ಒಳಪಟ್ಟಿಯನ್ನು ಒಂದೊಂದಾಗಿ ತೆಗೆದುಕೊಂಡು, ಅದರೊಳಗಿನ ಅಂಕಿಯನ್ನು ಒಂದೊಂದಾಗಿ ನೋಡಿ, ಮಿತಿಯೊಳಗಿದ್ದರೆ ಇಟ್ಟುಕೊಳ್ಳಬೇಕು. ಬರೆಯಲು ಒಂದು ಸಾಲು ಸಾಕು. ಹುಡುಗರು ಆತುರಕ್ಕೆ ಬಿದ್ದು ಎಲ್ಲ ಒಳಪಟ್ಟಿಗಳ ಅಂಕಿಗಳನ್ನೂ ಒಂದೇ ಉದ್ದ ಪಟ್ಟಿಗೆ ಸುರಿದುಬಿಡುತ್ತಿದ್ದರು. ಉತ್ತರ ನೋಡಲು ಸರಿಯಾಗಿಯೇ ಕಾಣುತ್ತಿತ್ತು.

"ಎಲ್ಲಾ ಬಾವಿ ನೀರ ತಂದು ಒಂದ ಹಂಡೇಕ ಸುರುವಿದಿ" ಎನ್ನುತ್ತಿದ್ದರು ಮೇಡಂ. "ಈಗ ಈ ಅಂಕಿ ಯಾರ ಮನೀದು ಹೇಳ ನೋಡೋಣು."

ಇನ್ನೂ ಜಾಣರಾದವರು ಒಳಪಟ್ಟಿಗಳನ್ನು ಬೇರೆ ಬೇರೆಯಾಗಿಯೇ ಉಳಿಸುತ್ತಿದ್ದರು. ಮೇಡಂ ಆ ಹುಡುಗರ ಬೆನ್ನ ಹಿಂದೆ ನಿಂತು ತೆರೆ ನೋಡಿ ಒಂದೇ ಪ್ರಶ್ನೆ ಕೇಳುವರು. "ಹೊರಗ ಬಿದ್ದವು ಎಲ್ಲಿ ಅದಾವ?" ಹುಡುಗರು ತಬ್ಬಿಬ್ಬಾಗುವರು. ಹೊರಗೆ ಬಿದ್ದದ್ದನ್ನು ಯಾರೂ ಕೇಳಿರಲಿಲ್ಲವಲ್ಲ. ಮೇಡಂ ಅವರ ಸ್ವಂತ ಪ್ರೋಗ್ರಾಮುಗಳಲ್ಲಿ ಯಾವಾಗಲೂ ಎರಡು ಪಟ್ಟಿ ಇರುತ್ತಿದ್ದವು. ಉಳಿದದ್ದಕ್ಕೆ ನೀರು ಎಂದೂ ಹೊರಬಿದ್ದದ್ದಕ್ಕೆ ಬಟ್ಟೆ ಎಂದೂ ಹೆಸರು. ಎರಡರಲ್ಲೂ ಒಳಪಟ್ಟಿಗಳ ಜಾಗ ಅದಲುಬದಲಾಗಬಾರದು. ಒಂದು ಒಳಪಟ್ಟಿ ಪೂರ್ತಿ ಖಾಲಿಯಾದರೆ, ತೆರೆಯ ಮೇಲೆ ಎರಡು ಚೌಕ ಆವರಣ ಮಾತ್ರ ಉಳಿದು ನಡುವೆ ಏನೂ ಇಲ್ಲದಿದ್ದರೆ, ಅವರು ಕುರ್ಚಿ ಎಳೆದುಕೊಂಡು ಕೂತುಬಿಡುತ್ತಿದ್ದರು. ಖಾಲಿ ಪಟ್ಟಿ ಕಂಡರೆ ಅವರಿಗೆ ಖರೆ ಹೇಳಬೇಕೆಂದರೆ ಭಯವೇ ಆಗುತ್ತಿತ್ತು. ದೊಡ್ಡ ಅಂಕಿ ಏನಾದರೂ ಹೇಳುತ್ತದೆ, ಇದು ಏನೂ ಹೇಳುವುದಿಲ್ಲ ಎನ್ನುವರು.

ನಮಗೆ ಇದೆಲ್ಲ ಅತಿ ಎನಿಸುತ್ತಿತ್ತು. ಹಾಜರಿ ಕಡಿಮೆಯಾದವರನ್ನು ಪರೀಕ್ಷೆಯ ಪಟ್ಟಿಯಿಂದ ತೆಗೆದ ವರ್ಷ ಮೀಟಿಂಗಿನಲ್ಲೂ ಮೇಡಂ, ಹೊರಗೆ ಬಿದ್ದವರು ಎಲ್ಲಿ ಎಂದು ಅದೇ ಪ್ರಶ್ನೆ ಎತ್ತಿದರು. ಎಲ್ಲರೂ ಗಡಿಯಾರ ನೋಡಿಕೊಂಡೆವು. ಅವರು ಒಬ್ಬರೇ ಬಸ್ಸು ಹತ್ತಿ ಗೋಕಾಕ ಫಾಲ್ಸ್‌ಗೆ ಹೋಗಿ, ಅಲ್ಲಿ ಮಿಲ್ಲಿನ ಹಳೆಯ ವಸತಿಯಲ್ಲಿ ಹಾಸಿಗೆ ಹಿಡಿದಿದ್ದ, ಪಟ್ಟಿಯಿಂದ ಬಿದ್ದ ಹುಡುಗಿಯೊಬ್ಬಳನ್ನು ಹುಡುಕಿ ಬಂದರು. ಮೈ ಪೂರ್ತಿ ಹಳದಿಯಾಗಿತ್ತಂತೆ. ಘಟಪ್ರಭಾದ ಆಸ್ಪತ್ರೆಗೆ ಸೇರಿಸುವವರೆಗೆ ಮನೆಗೆ ಹೋಗಲಿಲ್ಲ. ಆಮೇಲೆ ಈ ಬಗ್ಗೆ ಯಾರಾದರೂ ಹೊಗಳಿದರೆ ಮಾತು ಬೇರೆ ಕಡೆ ತಿರುಗಿಸುತ್ತಿದ್ದರು.

ಇಂಥವರ ಕೈಗೆ ಹೊಳೆ ಬಂತು. ಜಿಲ್ಲೆಯ ಒಂದು ಕಚೇರಿಯವರು ಹೊಳೆಯುದ್ದಕ್ಕೂ ಸೇತುವೆಗಳಿಗೆ ಸೆನ್ಸರ್ ಕಟ್ಟಿಸಿದರು. ಮೇಲಿನಿಂದ ಕೆಳಗೆ ನೋಡುತ್ತ, ನೀರು ಎಷ್ಟು ಎತ್ತರದಲ್ಲಿದೆ ಎಂದು ತಾಸಿಗೊಮ್ಮೆ ಅಂಕಿ ಕಳಿಸುವ ಯಂತ್ರ. ಒಂದೊಂದು ಸೇತುವೆಯದು ಒಂದೊಂದು ಒಳಪಟ್ಟಿ. ಅಂಕಿ ಅಪಾಯದ ಗೆರೆ ಮುಟ್ಟಿದರೆ ಕೆಳಗಿನ ಊರುಗಳ ಫೋನಿಗೆ ಸಂದೇಶ ಹೋಗಬೇಕು. ಪ್ರೋಗ್ರಾಮು ಬರೆಯುವ ಕೆಲಸ ನಮ್ಮ ಕಾಲೇಜಿಗೆ, ಎಂದರೆ ಮೇಡಂಗೆ ಬಂತು, ಜೊತೆಗೆ ನಾನು. ಅಣೆಕಟ್ಟಿನ ನೀರು ಬಿಡುವುದಾದರೆ ಮೊದಲೇ ಸಾರುತ್ತಾರೆ. ಹಳ್ಳಗಳು ತುಂಬಿ ಹೊಳೆಗೆ ಬರುವ ನೀರು ಯಾರನ್ನೂ ಕೇಳಿ ಬರುವುದಿಲ್ಲ. ನಮ್ಮ ಕೆಲಸ ಇದ್ದದ್ದು ಆ ನೀರಿಗಾಗಿ.

ಮೊದಲ ಮಳೆಗಾಲದಲ್ಲೇ ಎಡವಟ್ಟಾಯಿತು. ಮೂಡಲಗಿ ಕಡೆ ಒಂದು ತಗ್ಗಿನ ಸೇತುವೆ. ಅದರಿಂದ ಹಲವು ಮೈಲಿ ಕೆಳಗೆ ಹೊಳೆದಂಡೆಗೇ ಒಂದು ಊರು, ಊರ ತುಂಬ ಎಮ್ಮೆ. ಒಂದು ಮುಂಜಾನೆ ಸೇತುವೆಯಿಂದ ದೊಡ್ಡ ಅಂಕಿ ಬಂತು, ಸಂದೇಶ ಹೋಯಿತು, ಊರು ಎಮ್ಮೆಗಳನ್ನು ಹೊಡೆದುಕೊಂಡು ದಿನ್ನೆಯ ಮೇಲಿನ ಸಾಲೆಗೆ ಏರಿತು. ಹೊಳೆ ಮಾತ್ರ ಇದ್ದಲ್ಲೇ ಇತ್ತು. ಹೋಗಿ ನೋಡಿದರೆ ಸೆನ್ಸರಿನ ಕೆಳಗೆ ಒಂದು ಪ್ಲಾಸ್ಟಿಕ್ ಚೀಲ ತೂಗಾಡುತ್ತಿದೆ. ಶ್ರಾವಣ ಮಾಸ. ಪೂಜೆಯ ಬಾಡಿದ ಹೂವನ್ನು ಕಸಕ್ಕೆ ಹಾಕುವಂತಿಲ್ಲ, ಹೊಳೆಗೇ ಬಿಡಬೇಕು. ಸೇತುವೆಯ ಮೇಲೆ ಗಾಡಿ ನಿಲ್ಲಿಸಿ, ಕೈಮುಗಿದು, ಚೀಲದ ಸಮೇತ ಒಗೆದು ಹೋಗುತ್ತಾರೆ. ಒಂದು ಚೀಲ ಯಂತ್ರ ಹೊತ್ತ ಕಬ್ಬಿಣದ ತೋಳಿಗೆ ಸಿಕ್ಕಿಕೊಂಡಿತ್ತು. ಯಂತ್ರ ಅದನ್ನೇ ನೀರು ಎಂದುಕೊಂಡಿತ್ತು.

ತಪ್ಪೊಪ್ಪಿಕೊಳ್ಳಲು ಮೇಡಂ ಊರಿಗೆ ಹೋದರು. ಆ ಊರಲ್ಲಿ ಎಲ್ಲರೂ ಮಾತು ಕೇಳುವುದು ಗಂಗವ್ವ ಎಂಬ ವಯಸ್ಸಾದ ಹೆಂಗಸಿನದು. ದೊಡ್ಡ ಕೊಟ್ಟಿಗೆ ಅವಳದು, ಅವಳು ಎದ್ದರೆ ಊರು ಏಳುತ್ತದೆ. ಚಹಾ ಕೊಟ್ಟು, ಕುಡಿಯುವವರೆಗೆ ಕಾದು, ಆಮೇಲೆ ಶುರುಮಾಡಿದಳು.

"ಗಬ್ಬದ ಎಮ್ಮಿ ಹೊಡಕೊಂಡ ಮಳ್ಯಾಗ ದಿನ್ನಿ ಏರಿಸೇವ್ರಿ ಅಕ್ಕಾರ. ಕೆಸರಾಗ ಜಾರಿ ಬಿತ್ತು. ಕರ ಹೋತು. ಹೊಳಿ ನೋಡಿದ್ರ ತಣ್ಣಗ ಐತಿ. ಇನ್ನೊಮ್ಮಿ ನಿಮ್ಮ ಫೋನ ಕೂಗಿದ್ರ ನಾ ಏಳಂಗಿಲ್ಲ ನೋಡ್ರಿ."

"ಕರ ಹೋಗಿದ್ದು ನಮ್ಮ ತಪ್ಪಿನಿಂದ" ಎಂದರು ಮೇಡಂ. "ಬೈರಿ, ಆದ್ರ ಏಳಂಗಿಲ್ಲ ಅನಬ್ಯಾಡ್ರಿ."

ಗಂಗವ್ವ ಖಾಲಿ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಕಚೇರಿಯ ಅಧಿಕಾರಿ ಸಿಟ್ಟಿನ ಮನುಷ್ಯನೇನಲ್ಲ. ನಗುನಗುತ್ತಲೇ ಮಾತಾಡುತ್ತಿದ್ದ. ಅಪಾಯದ ಗೆರೆಗಿಂತ ಒಂಚೂರು ಮೇಲಕ್ಕೆ ಮೇಲ್ಮಿತಿ ಹಾಕಿ, ಅದನ್ನು ದಾಟಿದ ಅಂಕಿಯನ್ನೆಲ್ಲ ಸೋಸಿಬಿಡಿ ಎಂದ.

"ಅದರ ಮ್ಯಾಲ ಏನ ಬಂದ್ರೂ ಹೂವಿನ ಚೀಲ ಅನ್ಕೋರಿ ಮೇಡಂ."

"ಹೊಳೀನ ಬಂದ್ರ?"

"ಅಲ್ಲೀತನಕ ಏರೂಮುಂದ ಗೆರಿ ಮುಟ್ಟೇ ಏರಬೇಕಲ್ರಿ. ಆವಾಗ ಸಿಗತೈತಿ."

"ನಿಮ್ಮ ಯಂತ್ರ ತಾಸಿಗೊಮ್ಮಿ ಕಣ್ಣ ತಗೀತೈತಿ. ಆ ಸಂದಿ ದಾಟಾಕ ಹೊಳಿಗೆ ತಾಸ ಬೇಕಾಗಿಲ್ಲ."

ಅಧಿಕಾರಿ ನನ್ನ ಕಡೆ ನೋಡಿ ನಕ್ಕ. ಕೊನೆಗೆ ಮಿತಿ ಹಾಕಲೇಬೇಕಾಯಿತು. ಆದರೆ ಮೇಡಂ ತಮ್ಮ ಬಟ್ಟೆಯನ್ನು ಬಿಡಲಿಲ್ಲ. ಯಾರು ಬೇಕಾದರೂ ಫೋನಿನಲ್ಲಿ ತೆರೆದು ನೋಡಬಹುದಾದ ಪುಟದಲ್ಲಿ, ಪ್ರತಿ ಸೇತುವೆಯ ಹೆಸರಿನ ಕೆಳಗೆ, ಸೋಸಿ ಹೊರಬಿದ್ದ ಅಂಕಿಗಳನ್ನು ಕೆಂಪು ಅಕ್ಷರದಲ್ಲಿ ತೋರಿಸಿದರು. ಕೆಂಪು ಕಂಡರೆ ಯಾರಾದರೂ ಸೇತುವೆಗೆ ಹೋಗಿ, ಅದು ಚೀಲವೋ ಹೊಳೆಯೋ ಎಂದು ಕಣ್ಣಾರೆ ನೋಡಿ ಬರಬೇಕು. ಅವರು ನಿವೃತ್ತರಾಗುವವರೆಗೆ ಹಾಗೆಯೇ ನಡೆಯಿತು, ಹೆಚ್ಚಿನ ಸಲ ಹೋಗಿ ನೋಡಿಬಂದವರೂ ಅವರೇ.

ನಿವೃತ್ತಿಯ ಸಮಾರಂಭದಲ್ಲಿ ಶಾಲು ಹೊದಿಸಿಕೊಂಡ ಮರುವಾರವೇ ಕೆಂಪು ಸಾಲುಗಳು ಹೋದವು. ನೋಡಿದವರು ಹೆದರುತ್ತಾರೆ ಎಂದು ಕಚೇರಿಯವರು ತೆಗೆಸಿದರಂತೆ. ಪ್ರೋಗ್ರಾಮು ಈಗ ಕಚೇರಿಯ ಕೈಯಲ್ಲೇ ಇತ್ತು. ಅಪಾಯದ ಅಂಕಿ ಇಲ್ಲದ ಸೇತುವೆಗೆಲ್ಲ ಹಸಿರು ಚುಕ್ಕಿ. ಅಂಕಿಗಳೆಲ್ಲ ಮೇಲ್ಮಿತಿ ದಾಟಿ ಸೋಸಿಹೋದರೆ ಉಳಿಯುವುದು ಖಾಲಿ ಪಟ್ಟಿ, ಅದರಲ್ಲಿ ಅಪಾಯದ ಅಂಕಿ ಎಲ್ಲಿಂದ ಬರಬೇಕು? ಅದಕ್ಕೂ ಹಸಿರೇ. ಕೆಂಪು ಸಾಲು ಮತ್ತೆ ಹಾಕಿ ಎಂದು ನಾನು ಅರ್ಜಿ ಬರೆದೆ. ಸಲಹೆಗೆ ಧನ್ಯವಾದ ಎಂದು ಉತ್ತರ ಬಂತು.

ಆ ಮಳೆಗಾಲದಲ್ಲಿ ಒಂದು ದಿನ ಮೇಡಂ ಫೋನು ಮಾಡಿದರು. "ಮೂಡಲಗಿ ಕಡೀ ಸೇತುವಿ ನೋಡು. ಹೆಸರ ಐತಿ, ಚುಕ್ಕಿ ಐತಿ, ಅಂಕಿ ಇಲ್ಲ. ಮುಂಜಾನಿಂದ ಇಲ್ಲ."

"ಹೂವಿನ ಚೀಲ ಇರಬೇಕ್ರಿ ಮೇಡಂ, ಇವತ್ತ ಶ್ರಾವಣ ಸೋಮವಾರ."

"ಇರಬಹುದು. ನಾ ಹೊಂಟೇನಿ, ನೀ ಬರ್ತಿದ್ರ ಘಟಪ್ರಭಾದಾಗ ಬಸ್ ಹತ್ತು."

ಹೋದೆ. ದೊಡ್ಡ ಮಳೆ ಬಂದಾಗಲೆಲ್ಲ ಮಾಡುವಂತೆ ಸೇತುವೆಗೆ ಹೋಗುವ ದಾರಿಯನ್ನು ಪೊಲೀಸರು ತಡೆದಿದ್ದರು. ಮಳೆಯಲ್ಲಿ ಮುಂದಿನದು ಕಾಣುತ್ತಿರಲಿಲ್ಲ. ಚೀಲವೋ ಹೊಳೆಯೋ ಗೊತ್ತಾಗದೆಯೇ ಊರಿಗೆ ಹೋದೆವು. ಊರ ಮುಂದೆ ಹೊಳೆ ಎಂದಿನಂತೆ ಹರಿಯುತ್ತಿತ್ತು, ಮಳೆ ಬಿದ್ದು ಸ್ವಲ್ಪ ಕೆಂಪಾಗಿತ್ತು ಅಷ್ಟೆ. ಸೇತುವೆಯಲ್ಲಿ ಏರಿದ ನೀರು ಅಲ್ಲಿಗೆ ಬರಲು ಹೊತ್ತು ಬೇಕು. ಗಂಗವ್ವ ಕೊಟ್ಟಿಗೆಯಲ್ಲಿ ಮೇವು ಹಾಕುತ್ತಿದ್ದಳು.

"ಫೋನ ಏನೂ ಅಂದಿಲ್ಲಲ್ರಿ ಅಕ್ಕಾರ. ನನ್ನ ಮೊಮ್ಮಗಳು ಈಗಷ್ಟ ನೋಡ್ಯಾಳ, ಹಸರ ಐತಿ."

"ಹೌದ್ರಿ, ಹಸರ ಐತಿ. ಅದಕ್ಕ ಬಂದೇನಿ."

"ಹೊಳಿ ಬರತೈತಿ ಅಂತ ಗ್ಯಾರಂಟಿ ಹೇಳ್ತೀರೇನು?"

ನಾನು ಮೇಡಂ ಮುಖ ನೋಡಿದೆ. ಹೌದು ಎಂದುಬಿಟ್ಟರೆ ಕೆಲಸ ಸುಲಭವಾಗುತ್ತಿತ್ತು. "ಇಲ್ಲ" ಎಂದರು ಅವರು. "ನನಗ ಗೊತ್ತಿಲ್ಲ."

"ಮತ್ತ ನಾ ಯಾಕ ಏಳ್ಲಿ?"

ಮೇಡಂ ಚಪ್ಪಲಿ ಬಿಟ್ಟು ಒಳಗೆ ಬಂದು, ಎಮ್ಮೆಗಳ ನಡುವೆ ಇದ್ದ ಕಲ್ಲಿನ ಮೇಲೆ ಬಿಳಿ ಸೀರೆಯಲ್ಲೇ ಕೂತರು. "ಏಳಬ್ಯಾಡ್ರಿ. ನೀವು ಏಳೂತನಕ ನಾನೂ ಇಲ್ಲೇ ಕುಂದರ್ತೀನಿ. ಬಂದ್ರ ಇಬ್ಬರಿಗೂ ಬರಲಿ."

ಅದು ಬೆದರಿಕೆಯ ದನಿಯಾಗಿರಲಿಲ್ಲ. ಅವರು ನಿಜವಾಗಿ ಏಳುವವರಲ್ಲ ಎಂದು ನನಗೆ ಗೊತ್ತಿತ್ತು. ಗಂಗವ್ವ ಅಂಗಳಕ್ಕೆ ಹೋಗಿ ಹೊಳೆ ನೋಡಿದಳು, ಒಳಗೆ ಬಂದು ಇವರನ್ನು ನೋಡಿದಳು. ಮತ್ತೆ ಹೋದಳು, ಮತ್ತೆ ಬಂದಳು. ಗೊಣಗುತ್ತ ಮೊದಲನೆಯ ಎಮ್ಮೆಯ ಹಗ್ಗ ಬಿಚ್ಚಿದಳು. ಅವಳ ಹಿಂದೆ ಊರು ಎದ್ದಿತು.

ದಿನ್ನೆಯ ಸಾಲೆಯಿಂದ ನೋಡುತ್ತಿದ್ದಂತೆ ಹೊಳೆ ಬಂತು. ಅದು ಸದ್ದು ಮಾಡುತ್ತ ಬರುತ್ತದೆ ಎಂದುಕೊಂಡಿದ್ದೆ. ಸದ್ದೇ ಇರಲಿಲ್ಲ. ಕಬ್ಬಿನ ಗದ್ದೆ ಮೊದಲು ಗಿಡ್ಡದಾಯಿತು, ಆಮೇಲೆ ಕಾಣದಾಯಿತು. ಗಂಗವ್ವನ ಕೊಟ್ಟಿಗೆಯ ತಗಡು ಮಾತ್ರ ಮೇಲೆ ಉಳಿಯಿತು. ಮೇಡಂ ಸಾಲೆಯ ಗೋಡೆಗೆ ಒರಗಿ ನಿಂತಿದ್ದರು. ನಾನು ಅವರ ಕೈ ಹಿಡಿದುಕೊಂಡು ಅತ್ತೆ.

ಇಷ್ಟಾದ ಮೇಲಾದರೂ ಕೆಂಪು ಸಾಲು ಮರಳಿ ಬರಬೇಕಿತ್ತು. ಬರಲಿಲ್ಲ. ಊರನ್ನು ಸಕಾಲಕ್ಕೆ ಖಾಲಿ ಮಾಡಿಸಲಾಯಿತು, ಪ್ರಾಣಹಾನಿ ಇಲ್ಲ ಎಂದು ಕಚೇರಿಯ ವರದಿಯಲ್ಲಿ ಬಂತು. ಮೇಡಂ ನನ್ನನ್ನೂ ಕರೆದುಕೊಂಡು ಅಧಿಕಾರಿಯನ್ನು ಕಾಣಲು ಹೋದರು. ಆತ ಎದ್ದು ನಿಂತು ನಮಸ್ಕರಿಸಿದ, ಕುರ್ಚಿ ಹಾಕಿಸಿದ. "ಸ್ಕ್ರೀನ್ ಹಸರ ಇತ್ತು, ಮಂದೀನೂ ಆರಾಮ ಇದ್ರು. ಇದರಾಗ ತಪ್ಪ ಎಲ್ಲೈತ್ರಿ ಮೇಡಂ?" ಎಂದ. ಅವನು ಅದನ್ನು ನಂಬಿಯೇ ಹೇಳುತ್ತಿದ್ದ. ಹೊರಗೆ ಬಂದು ಮೆಟ್ಟಿಲ ಮೇಲೆ ಮೇಡಂ ನನ್ನ ಕಡೆ ತಿರುಗಿದರು. "ನಾವು ಹೋಗಿದ್ದಕ್ಕ ಅವರಿಗೆ ತಪ್ಪ ಕಾಣಲಿಲ್ಲ. ಹೋಗದ ಇದ್ರ ಕಾಣತಿತ್ತು" ಎಂದರು. ಆಮೇಲಿನ ಮಳೆಗಾಲಗಳಲ್ಲಿ ಅವರು ಹುಕ್ಕೇರಿಯ ಮನೆಯ ಪಡಸಾಲೆಯಲ್ಲಿ ಫೋನನ್ನು ಮುಂದಿಟ್ಟುಕೊಂಡು, ಕತ್ತಲಾಗುವವರೆಗೆ ಆ ಹಸಿರು ಚುಕ್ಕಿಗಳನ್ನು ನೋಡುತ್ತ ಕೂರುತ್ತಿದ್ದರು ಎಂದು ಅವರ ತಂಗಿ ಹೇಳಿದರು.

ನಿನ್ನೆ ಇಲ್ಲಿಯವರೆಗೆ ಬರೆದು ಮಲಗಿದೆ. ಮುಂದಿನದನ್ನು ಬಸ್ಸಿನಲ್ಲಿ ಕೂತು ಫೋನಿನಲ್ಲಿ ಬರೆಯುತ್ತಿದ್ದೇನೆ. ಕೈಗೆ ಏನಾದರೂ ಕೆಲಸ ಬೇಕು.

ಇವತ್ತು ಬೆಳಿಗ್ಗೆ ನೋಡಿದಾಗ ಮೂಡಲಗಿ ಕಡೆಯ ಸೇತುವೆಗೆ ಅಂಕಿ ಇರಲಿಲ್ಲ. ಚುಕ್ಕಿ ಹಸಿರು. ಕಚೇರಿಗೆ ಫೋನು ಮಾಡಿದೆ. ಹಸಿರೇ ಇದೆಯಲ್ಲ ಮೇಡಂ ಎಂದರು. ಶ್ರಾವಣ ನಡೆಯುತ್ತಿದೆ, ಚೀಲವೇ ಇರಬಹುದು. ಗಂಗವ್ವನಿಗೆ ಫೋನು ಮಾಡಿ, ನಾನು ಯಾರೆಂದು ಹೇಳಿ, ದಿನ್ನೆಗೆ ಹೋಗಿರಿ ಎಂದೆ.

"ದೊಡ್ಡ ಅಕ್ಕಾರ ಬರ್ತಾರೇನ್ರಿ?"

ಅವರು ತೀರಿಕೊಂಡದ್ದು ಅವಳಿಗೆ ಗೊತ್ತಿರಲಿಲ್ಲ. ಹೇಳಿದೆ.

"ಹೊಳಿ ಬರೂದು ನಿಮಗ ಗೊತ್ತೈತೇನು?" ಎಂದು ಕೇಳಿದಳು.

"ಇಲ್ಲವ್ವಾ. ಗೊತ್ತಿಲ್ಲ."

"ಅವರೂ ಗೊತ್ತಿಲ್ಲ ಅಂದಿದ್ರು. ಆದ್ರ ಬಂದ ನನ್ನ ಕೊಟಗ್ಯಾಗ ಕುಂತ್ರು. ಅದಕ್ಕ ಎದ್ದಿದ್ವಿ. ನೀವು ಬಂದು ಕುಂದರ್ತೀರೇನು?"

"ಬರ್ತೀನಿ" ಎಂದೆ. "ಈಗ ಹೊಂಟೆ. ನೀವು ಅಷ್ಟರಾಗ ಏಳ್ರಿ."

"ಬರ್ರಿ. ನೀವು ಬಂದ ಮ್ಯಾಲ ಏಳ್ತೀವಿ" ಎಂದು ಫೋನು ಇಟ್ಟಳು.

ಬಸ್ಸು ಗೋಕಾಕ ದಾಟಿ ಸ್ವಲ್ಪ ಮುಂದೆ ಬಂದು ನಿಂತಿದೆ. ರಸ್ತೆಯ ಮೇಲೆ ನೀರು ಬಂದಿದೆಯಂತೆ, ಕಂಡಕ್ಟರ್ ಇಳಿದು ಹೋಗಿ ನೋಡಿ ಬಂದು ತಲೆಯಾಡಿಸಿದ. ಬೇರೆ ದಾರಿ ಕೇಳಿದೆ. ಆ ದಾರಿಗೂ ಹೊಳೆಯೇ ಅಡ್ಡ. ಪೊಲೀಸರಿಗೆ ಫೋನು ಮಾಡಿ ಊರಿನ ಹೆಸರು ಹೇಳಿದೆ, ಬರೆದುಕೊಂಡರು. ಗಂಗವ್ವನ ಫೋನು ಮೊದಲು ಬಡಿದುಕೊಳ್ಳುತ್ತಿತ್ತು, ಯಾರೂ ಎತ್ತಲಿಲ್ಲ, ಈಗ ಹತ್ತುತ್ತಲೇ ಇಲ್ಲ. ನಾನು ಬರುತ್ತೇನೆ ಎಂದು ಅವಳು ಕೊಟ್ಟಿಗೆಯಲ್ಲಿ ಕಾಯುತ್ತಿದ್ದಾಳೆ.